ಸೈಕಲಿನಲ್ಲಿ ಬನ್ನಿ ಹಾಪ್ ಕಲಿಯಲು ಹೋಗಿ ಬಿದ್ದೆ: ಎಕ್ಸ್‌ರೇ ಸರಿಯಿದೆ, ಮಣಿಕಟ್ಟಿನ ನೋವು ಮಾತ್ರ ಹೋಗಿಲ್ಲ

ಕೇಳಿದವರು, ಸಿದ್ದಾಪುರ ಕಡೆಯಿಂದ:

ಕೊಯ್ಲಿಗೆ ಇನ್ನೂ ಸಮಯವಿತ್ತು, ನಮ್ಮ ಕಾಫಿ ಕಣ ಖಾಲಿ ಬಿದ್ದಿತ್ತು. ಎಂಟಿಬಿಯಲ್ಲಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಬನ್ನಿ ಹಾಪ್ ಕಲಿತುಬಿಡೋಣ ಅಂತ ಹೊರಟೆ. ಗೊತ್ತಿಲ್ಲದವರಿಗೆ: ಓಡುತ್ತಿರುವ ಸೈಕಲಿನ ಮುಂದಿನ ಚಕ್ರ ಎತ್ತಿ, ಹಿಂದೆಯೇ ಹಿಂದಿನ ಚಕ್ರವನ್ನೂ ಎತ್ತಿ, ದಾರಿಗೆ ಅಡ್ಡ ಬಿದ್ದದ್ದನ್ನು ಹಾರಿ ದಾಟುವುದು. ಒಂದು ವಾರ ನೆಲದ ಮೇಲಿನ ಗೆರೆ ಹಾರಿ ದಾಟಿದೆ, ಧೈರ್ಯ ಬಂತು. ಮರ ಕಪಾತು ಮಾಡಿದಾಗ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆಯೊಂದನ್ನು ಎಳೆದು ತಂದು ಅಡ್ಡ ಇಟ್ಟೆ. ಮುಂದಿನ ಚಕ್ರ ದಾಟಿತು, ಹಿಂದಿನದು ತಗುಲಿತು. ಎಡಗೈ ಊರಿ ಬಿದ್ದೆ.

ಊತ ಅಷ್ಟೇನಿಲ್ಲ. ಮರುದಿನ ಎಕ್ಸ್‌ರೇ ತೆಗೆಸಿದಾಗ 'ಮೂಳೆಗೆ ಏನೂ ಆಗಿಲ್ಲ, ಉಳುಕಿದೆ' ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಇವತ್ತಿಗೆ 18 ದಿನ. ಹೆಬ್ಬೆರಳ ಬುಡ ಒತ್ತಿದರೆ ಈಗಲೂ ನೋವು. ನೀರು ತುಂಬಿದ ಚೊಂಬು ಎತ್ತಲು ಆಗುವುದಿಲ್ಲ. ಯಾರಿಗಾದರೂ ಹೀಗಾಗಿತ್ತಾ? ಮತ್ತೆ ಸೈಕಲ್ ಹತ್ತಿದ್ದು ಯಾವಾಗ?

ಗೋಣಿಕೊಪ್ಪದಿಂದ:

ನಮಗೆ ಹುಡುಗರಾಗಿದ್ದಾಗ ಇಂಥದ್ದು ಎಷ್ಟು ಸಲ ಆಗಿಲ್ಲ ಮಾರಾಯ್ರೆ! ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ನೀವಿಸಿ. ನಮ್ಮ ಕಡೆ ಮೂಳೆ ಕಟ್ಟುವವರೊಬ್ಬರಿದ್ದಾರೆ, ಬೇಕಿದ್ದರೆ ಕರೆದುಕೊಂಡು ಹೋಗುತ್ತೇನೆ. ಒಂದು ತಿಂಗಳಲ್ಲಿ ಸರಿಯಾಗುತ್ತೆ.

ಮಡಿಕೇರಿಯಿಂದ:

ಅಣ್ಣ, ದಯವಿಟ್ಟು ನೀವಿಸಬೇಡಿ. ನಿಮ್ಮದನ್ನು ಓದುತ್ತಿದ್ದರೆ ನನ್ನ ಕಥೆಯನ್ನೇ ಯಾರೋ ಬರೆದ ಹಾಗಿದೆ.

ಒಂದು ಕೆಲಸ ಮಾಡಿ. ಹೆಬ್ಬೆರಳನ್ನು ಮೇಲಕ್ಕೆ ಚಾಚಿ. ಅದರ ಬುಡದಲ್ಲಿ, ಮಣಿಕಟ್ಟಿನ ಬದಿಗೆ, ಎರಡು ನರಗಳ ಹಾಗೆ ಎದ್ದು ನಿಲ್ಲುತ್ತವಲ್ಲ, ಅವುಗಳ ನಡುವೆ ಸಣ್ಣ ಗುಳಿ ಬೀಳುತ್ತದೆ. ನಶ್ಯ ಏರಿಸುವವರು ಚಿಟಿಕೆ ಪುಡಿ ಇಟ್ಟುಕೊಳ್ಳುವ ಜಾಗ ಅದು. ಡಾಕ್ಟರುಗಳೂ ಅದನ್ನು ನಶ್ಯದ ಡಬ್ಬಿ ಅಂತಲೇ ಕರೆಯುತ್ತಾರಂತೆ. ಆ ಗುಳಿಯೊಳಗೆ ಒತ್ತಿದಾಗ ನೋವಾದರೆ, ಹೆಬ್ಬೆರಳನ್ನು ಮಣಿಕಟ್ಟಿನ ಕಡೆಗೆ ದೂಡಿದಾಗಲೂ ಅಲ್ಲೇ ಚುಚ್ಚಿದರೆ, ಸ್ಕೇಫಾಯ್ಡ್ ಅನ್ನುವ ಮೂಳೆಯ ಮೇಲೆ ಅನುಮಾನ ಪಡಬೇಕು. ಗೋಡಂಬಿಯಷ್ಟು ದೊಡ್ಡದು, ಆಕಾರವೂ ಹೆಚ್ಚು ಕಡಿಮೆ ಹಾಗೇ. ಕೈ ಊರಿ ಬಿದ್ದವರಲ್ಲಿ ಮಣಿಕಟ್ಟಿನ ಸಣ್ಣ ಮೂಳೆಗಳ ಪೈಕಿ ಅತಿ ಹೆಚ್ಚು ಮುರಿಯುವುದು ಇದೇ.

ಮೊದಲ ದಿನದ ಎಕ್ಸ್‌ರೇಯಲ್ಲಿ ಇದರ ಬಿರುಕು ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಅನುಮಾನ ಇದ್ದರೆ ಹೆಬ್ಬೆರಳು ಅಲುಗದಂತೆ ಪಟ್ಟಿ ಹಾಕಿ, 10-14 ದಿನ ಬಿಟ್ಟು ಇನ್ನೊಮ್ಮೆ ಎಕ್ಸ್‌ರೇ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದು ತಿಂಗಳು ನೋವು ನುಂಗಿಕೊಂಡೇ ಸೈಕಲ್ ಓಡಿಸಿದೆ. ಈ ಮೂಳೆಗೆ ರಕ್ತ ಬರುವ ದಾರಿ ವಿಚಿತ್ರ: ಹೆಬ್ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲದೆ ಅದು ಒಣಗಿಹೋಗಬಹುದು. ನನ್ನದು ಕೂಡಿರಲೇ ಇಲ್ಲ. ಮೈಸೂರಿನಲ್ಲಿ ಸೊಂಟದ ಮೂಳೆಯ ಚೂರು ತೆಗೆದು ಇಟ್ಟು, ಸ್ಕ್ರೂ ಹಾಕಿದರು. ಈಗಲೂ ಆ ಕೈ ಹಿಂದಕ್ಕೆ ಪೂರ್ತಿ ಮಡಚುವುದಿಲ್ಲ. ದೋಸೆ ಹಿಟ್ಟು ಕಲಸುವಾಗ ನೆನಪಾಗುತ್ತದೆ.

18 ದಿನ ಅಂದರೆ ಇನ್ನೂ ತಡವಾಗಿಲ್ಲ. ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಿ, 'ಸ್ಕೇಫಾಯ್ಡ್ ವ್ಯೂ' (ಆ ಮೂಳೆ ಚೆನ್ನಾಗಿ ಕಾಣುವ ಕೋನದ ಎಕ್ಸ್‌ರೇ) ಅಂತ ಬಾಯಿಬಿಟ್ಟು ಕೇಳಿ. ಅಲ್ಲಿಯವರೆಗೆ ಆ ಕೈಯಲ್ಲಿ ಭಾರ ಎತ್ತಬೇಡಿ. ಸಿಗರೇಟು ಸೇದುವವರಾದರೆ ಈಗಲೇ ಬಿಡಿ, ಮೂಳೆ ಕೂಡುವುದನ್ನು ಅದು ನಿಧಾನ ಮಾಡುತ್ತದೆ.

ಗೋಣಿಕೊಪ್ಪದಿಂದ, ಮತ್ತೆ:

ಅಬ್ಬಾ. ನನ್ನ ಎಣ್ಣೆ ಮಾತು ವಾಪಸ್ಸು. ಈಗ ನನ್ನದೇ ಕೈ ಒತ್ತಿ ನೋಡಿಕೊಳ್ಳುತ್ತಿದ್ದೇನೆ.

ಸೋಮವಾರಪೇಟೆಯಿಂದ:

ಕೈ ವಿಷಯ ಮಡಿಕೇರಿ ಅಕ್ಕ ಹೇಳಿಯಾಯಿತು. ನಾನು ಬಿದ್ದ ಕಾರಣದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಹಿಂದಿನ ಚಕ್ರ ತಗುಲಿಸಿ ನಾನೂ ನಾಲ್ಕೈದು ಸಲ ನೆಲ ನೋಡಿದವನು.

ನಾವು ಎಲ್ಲರೂ ಹ್ಯಾಂಡಲನ್ನು ತೋಳಿನ ಬಲದಿಂದ ಮೇಲಕ್ಕೆ ಎಳೆಯುತ್ತೇವೆ. ಮುಂದಿನ ಚಕ್ರ ಏನೋ ಏಳುತ್ತದೆ, ಮೈ ಮಾತ್ರ ಸೀಟಿನ ಹಿಂದೆಯೇ ಜೋತು ಬೀಳುತ್ತದೆ. ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಕೂತಿರುವಾಗ ಅದು ಏಳುವುದಾದರೂ ಹೇಗೆ? ಮೊದಲು ಮೈ ಕುಗ್ಗಿಸಿ, ಕೈ ನೇರ ಮಾಡಿ, ಸೊಂಟವನ್ನು ಹಿಂದಕ್ಕೆ ಒಯ್ಯಬೇಕು. ಚಕ್ರ ತಾನೇ ಏಳುತ್ತದೆ. ಆಮೇಲೆ ನೆಟ್ಟಗೆ ಎದ್ದು ನಿಂತು ಹ್ಯಾಂಡಲನ್ನು ಮುಂದಕ್ಕೆ ದೂಡಬೇಕು. ಅದೇ ಹೊತ್ತಿಗೆ ಕಾಲ್ಬೆರಳ ತುದಿ ನೆಲದ ಕಡೆ ಮಾಡಿ, ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಗೋರಿದ ಹಾಗೆ ಎಳೆಯಬೇಕು. ಆ ದೂಡುವುದು ಅರೆಕ್ಷಣ ತಡವಾದರೂ ನಿಮಗೆ ಆದದ್ದೇ ಆಗುತ್ತದೆ. ಎರಡು ಭಾಗಗಳನ್ನು ಬೇರೆ ಬೇರೆ ಕಲಿತು ಆಮೇಲೆ ಜೋಡಿಸಿ.

ಇನ್ನು ಕೊಂಬೆ! ಅದು ಬಿಟ್ಟುಕೊಡುವ ವಸ್ತುವೇ ಅಲ್ಲವಲ್ಲ. ನಾನು ಖಾಲಿ ರಟ್ಟಿನ ಪೆಟ್ಟಿಗೆ ಇಡುತ್ತೇನೆ. ಚಕ್ರ ತಗುಲಿದರೆ ಪೆಟ್ಟಿಗೆ ಅಪ್ಪಚ್ಚಿ, ನಾನು ಕ್ಷೇಮ. ಮಳೆಗಾಲ ಮುಗಿದ ಹೊಸತರಲ್ಲಿ ಕಣದ ನೆರಳಿನ ಭಾಗದಲ್ಲಿ ಪಾಚಿ ಇರುತ್ತದೆ, ಅಲ್ಲಿ ಕಲಿಯಲೇಬೇಡಿ. ಬಾಣೆಯ (ದನ ಮೇಯುವ ಏರು ಜಾಗ) ಹುಲ್ಲು ಮೆತ್ತಗೆ, ಆದರೆ ಒಳಗೆ ಕಲ್ಲಿದೆಯಾ ಅಂತ ಮೊದಲು ನಡೆದು ನೋಡಬೇಕು. 'ಇನ್ನೊಂದೇ ಒಂದು ಸಲ' ಅನ್ನಿಸಿದಾಗ ಸೈಕಲ್ ಒಳಗಿಡಿ. ನಾನು ಬಿದ್ದದ್ದೆಲ್ಲ ಆ ಒಂದು ಸಲದಲ್ಲೇ.

ಪೊನ್ನಂಪೇಟೆಯಿಂದ:

ಕಾಲಿಗೆ ಹಿಡಿತ ಸಿಗಲೆಂದು ಪೆಡಲಿನ ಮೇಲಿರುವ ಮೊಳೆಗಳ ಬಗ್ಗೆ ಯಾರೂ ಹೇಳಲಿಲ್ಲ. ಹಾಪ್ ಕಲಿಯುವಾಗ ಕಾಲು ಜಾರಿತೆಂದರೆ ಮೊಳಕಾಲ ಕೆಳಗೆ ಸಾಲಾಗಿ ತೂತು. ಕೌಟುಂಬಿಕ ಹಾಕಿ ಆಡುವ ಊರಿನಲ್ಲಿ ಶಿನ್ ಪ್ಯಾಡಿಗೆ ಬರವೇ? ತಮ್ಮನದ್ದನ್ನು ಕದ್ದು ಕಟ್ಟಿಕೊಳ್ಳಿ. ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದು, ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು.

ಮತ್ತೆ ಹತ್ತುವುದು ಯಾವಾಗ ಅಂದಿರಿ. ನನಗೆ ಆದದ್ದು ಮುಂಗೈ ಮೂಳೆ, ಬೇರೆ ಲೆಕ್ಕ. ಆದರೂ ಪಟ್ಟಿ ಬಿಚ್ಚಿದ ಖುಷಿಯಲ್ಲಿ ಸಂಪಾಜೆ ಘಾಟಿ ಇಳಿಯಲು ಹೋಗಿ ಅರ್ಧ ದಾರಿಯಲ್ಲಿ ಬ್ರೇಕ್ ಹಿಡಿಯಲು ಬೆರಳಿಗೆ ಬಲವಿಲ್ಲದೆ ನಿಂತುಬಿಟ್ಟೆ. ಹತ್ತುವುದಕ್ಕೆ ಕಾಲು ಸಾಕು ಸ್ವಾಮಿ, ಇಳಿಯುವುದಕ್ಕೆ ಕೈ ಬೇಕು.

ಕೇಳಿದವರು, ಆರು ದಿನದ ನಂತರ:

ಮಡಿಕೇರಿ ಅಕ್ಕನಿಗೆ ದೊಡ್ಡ ನಮಸ್ಕಾರ. ಹೊಸ ಎಕ್ಸ್‌ರೇಯಲ್ಲಿ ಮೂಳೆಯ ನಡುವೆ ಕೂದಲೆಳೆಯಂಥ ಗೆರೆ ಕಂಡಿದೆ. ತುಂಡು ಜರುಗಿಲ್ಲ, ಆಪರೇಷನ್ ಬೇಡ ಅಂದರು. ಮೊಳಕೈ ಕೆಳಗಿನಿಂದ ಪ್ಲಾಸ್ಟರ್ ಹಾಕಿದ್ದಾರೆ. ಆರು ವಾರಕ್ಕೆ ನೋಡುತ್ತಾರಂತೆ, ಎಂಟೋ ಹನ್ನೆರಡೋ ವಾರ ಆಗಬಹುದಂತೆ.

ಎಡಗೈ ಆದ್ದರಿಂದ ಜೀಪಿನ ಗೇರ್ ಹಾಕಲಾಗುವುದಿಲ್ಲ. ಅರೇಬಿಕಾ ಹಣ್ಣಾಗಿ ನಿಂತಿದೆ, ಅಪ್ಪ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ. ಆ ಸಿಲ್ವರ್ ಓಕ್ ಕೊಂಬೆಯನ್ನು ಅಮ್ಮ ಕಡಿಸಿ ಬಚ್ಚಲ ಒಲೆಗೆ ಹಾಕಿದರು.