ಹಬ್ಬಾ ಡಾಕಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಮನೆ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆ ಟ್ರೇನಿನಲ್ಲೇ ನೋಡಿದ್ದೆ, ಉತ್ತರ ಹಾಕ್ಲಿಕ್ಕೆ ಈಗ ಪುರುಸೊತ್ತಾಯ್ತು. ಕೈಯೆಲ್ಲ ತೆಂಗಿನಕಾಯಿ ತುರಿ, ಟೈಪ್ ಮಾಡ್ಲಿಕ್ಕೆ ಆಗುದಿಲ್ಲ, ಫೋನಿಗೆ ಹೇಳ್ತಾ ಇದ್ದೇನೆ ಅದೇ ಬರ್ಕೊಳ್ತಾ ಉಂಟು, ತಪ್ಪು ಇದ್ರೆ ಸರಿಮಾಡಿ ಓದ್ಕೊಳ್ಳಿ ಎಲ್ರೂ. ದೊಡ್ಡಪ್ಪ, ನೀವು "ಯಾವ ಹಬ್ಬ, ಚೌತಿಗೆ ಇನ್ನೂ ಟೈಮ್ ಉಂಟಲ್ಲ" ಅಂತ ಕೇಳಿದ್ರಿ, ಅದು ಹಬ್ಬ ಅಲ್ಲ, ಹಬ್, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡಬ್ಬಿ, ಒಂದು ತೂತನ್ನು ನಾಲ್ಕೈದು ಮಾಡಿ ಕೊಡುವಂಥದ್ದು. ಡಾಕ್ ಅಂದ್ರೆ ಅದರದ್ದೇ ದೊಡ್ಡಣ್ಣ, ಮೇಜಿನ ಮೇಲೆಯೇ ಇಡುವಂಥದ್ದು.

ನೀನು ಕೇಳಿದ್ದು ಎಂತ, ಹೊಸ ಮ್ಯಾಕ್‌ಬುಕ್ ಏರ್ ಎಮ್2, ಎಮ್2 ಅಂದ್ರೆ ಅದರೊಳಗಿನ ಚಿಪ್ಪಿನ ಹೆಸರು, ಬರೀ ಎರಡು ಸಿ ಪೋರ್ಟು, ಅಂದ್ರೆ ಈಗಿನ ಸಣ್ಣ ಯುಎಸ್‌ಬಿ ತೂತು, ಮನೆಯಿಂದ ಕೆಲಸಕ್ಕೆ ಎರಡು ಮಾನಿಟರ್ ಹಾಕ್ಬೇಕು, ಎರಡು ಎಚ್‌ಡಿಎಮ್‌ಐ, ಅಂದ್ರೆ ಮಾನಿಟರ್ ವಯರ್ ಸಿಕ್ಕಿಸುವ ತೂತು, ಇರುವ 2,400 ರೂಪಾಯಿಯ ಹಬ್ ಸಾಕಾ ಇಲ್ಲ 17,500ರ ಡಾಕಿಂಗ್ ಸ್ಟೇಷನ್ನೇ ಬೇಕಾ ಅಂತ. ಎರಡರ ಫೋಟೋನೂ ನೋಡಿದೆ. ಎರಡೂ ಬೇಡ ಮಾರಾಯ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಹಬ್ಬಿನಲ್ಲಿ ಎಷ್ಟು ತೂತು ಉಂಟು ಅಂತ ಎಲ್ರೂ ಎಣಿಸ್ತಾರೆ, ಲ್ಯಾಪ್‌ಟಾಪಿನ ತೂತಿಗೆ ಎಂತೆಂತ ಬರ್ತದೆ ಅಂತ ಯಾರೂ ನೋಡುದಿಲ್ಲ. ನಿನ್ನ ಎಮ್2 ಏರ್ ಹೊರಗಿನ ಮಾನಿಟರ್ ಒಂದನ್ನೇ ನಡೆಸುವುದು. ಒಂದೇ. ಚಿಪ್ಪೇ ಹಾಗೆ ಮಾಡಿದ್ದು ಆಪಲ್‌ನವ್ರು, ಎಮ್1 ಏರೂ ಹಾಗೆಯೇ. ಎಮ್3 ಏರ್ ಬಂದಾಗ ಮುಚ್ಚಳ ಮುಚ್ಚಿದ್ರೆ ಎರಡು ಅಂತ ಆಯ್ತು, 2025ರ ಎಮ್4 ಏರಿನಲ್ಲಿ ಮುಚ್ಚಳ ತೆರೆದಿಟ್ಟೇ ಎರಡು ಹಾಕ್ಬಹುದು. ನಿನ್ನದಕ್ಕೆ ಆ ಎರಡು ಎಚ್‌ಡಿಎಮ್‌ಐ ಹಬ್ ಹಾಕಿದ್ರೆ ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಕಾಣ್ತದೆ, ಅವಳಿ ಜವಳಿ ಹಾಗೆ. ಇದು ನಾನು ದುಡ್ಡು ಕೊಟ್ಟು ಕಲಿತದ್ದು. ನನ್ನ ಆಫೀಸಿನ ವಿಂಡೋಸ್ ಲ್ಯಾಪ್‌ಟಾಪಿಗೆ ಅಂಥದ್ದೇ ಒಂದು ಹಬ್ ತಗೊಂಡಿದ್ದೆ, ಎರಡು ಪರದೆಯಲ್ಲಿ ಎರಡು ಬೇರೆ ಬೇರೆ ಚಿತ್ರ ಚೆಂದ ಬರ್ತಿತ್ತು, ಅದನ್ನೇ ನಿಮ್ಮ ಭಾವನ ಮ್ಯಾಕಿಗೆ ಸಿಕ್ಕಿಸಿದ್ರೆ ಎರಡರಲ್ಲೂ ಅವರ ಎಕ್ಸೆಲ್ ಶೀಟೇ. ಹಬ್ ಹಾಳಾಗಿದೆ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋದೆ, ಹಾಳಾಗಿರ್ಲಿಲ್ಲ. ಒಂದು ವಯರಿನಲ್ಲಿ ಎರಡು ಬೇರೆ ಚಿತ್ರ ಕಳಿಸುವ ಎಮ್‌ಎಸ್‌ಟಿ ಅಂತ ಒಂದು ವಿದ್ಯೆ ಉಂಟು, ಆ ಹಬ್ ನಡೆಯುವುದು ಅದರ ಮೇಲೆ, ವಿಂಡೋಸಿಗೆ ಅದು ಬರ್ತದೆ, ಮ್ಯಾಕಿಗೆ ಬರುದಿಲ್ಲ, ಅಷ್ಟೇ ವಿಷಯ.

ಇನ್ನು ಆ 17,500ರದ್ದು. ಅದರ ಪೆಟ್ಟಿಗೆ ಮೇಲೆ ಡಿಸ್‌ಪ್ಲೇಲಿಂಕ್ ಅಂತ ಬರೆದಿದೆ, ಹಾಗಾಗಿ ಅದು ಎಮ್2ಗೂ ಎರಡು ಮಾನಿಟರ್ ಕೊಡ್ತದೆ, ಸುಳ್ಳಲ್ಲ. ಆದ್ರೆ ಕೊಡುವ ರೀತಿ ಬೇರೆ. ಅದಕ್ಕೆ ಒಂದು ಸಾಫ್ಟ್‌ವೇರ್ ಹಾಕ್ಬೇಕು, ಅದು ನಿನ್ನ ಪರದೆಯನ್ನು ರೆಕಾರ್ಡಿಂಗ್ ಮಾಡಿದ ಹಾಗೆ ಹಿಡಿದು, ಸಣ್ಣ ಮಾಡಿ, ಸಾದಾ ಯುಎಸ್‌ಬಿ ಡೇಟಾ ಥರ ಡಾಕಿಗೆ ಕಳಿಸ್ತದೆ. ಮ್ಯಾಕ್ ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಪರ್ಮಿಷನ್ ಕೇಳ್ತದೆ. ಇದು ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಅಲ್ವಾ, ನವಿ ಮುಂಬೈಯ ಐರೋಳಿಯಲ್ಲಿ ಕೂತ ನಿಮ್ಮ ಐಟಿಯವರು ಅದನ್ನು ಹಾಕ್ಲಿಕ್ಕೆ ಬಿಡ್ತಾರಾ? ನಾನೇ ಐಟಿ ಸಪೋರ್ಟಿನವಳು, ನಮ್ಮಲ್ಲಿ ಯಾರಾದ್ರೂ ಕೇಳಿದ್ರೆ ಮೊದ್ಲು ಇಲ್ಲ ಅಂತ ಹೇಳಿ ಆಮೇಲೆ ಯೋಚನೆ ಮಾಡ್ತೇವೆ. ಮತ್ತೆ ರಾತ್ರಿ ಆ ಮಾನಿಟರಿನಲ್ಲಿ ನೆಟ್‌ಫ್ಲಿಕ್ಸ್ ಹಾಕ್ಲಿಕ್ಕೆ ಹೋದ್ರೆ ಪರದೆ ಕಪ್ಪಾಗ್ಬಹುದು, ನಕಲು ಮಾಡದ ಹಾಗೆ ಲಾಕ್ ಇರುವ ವಿಡಿಯೋ ಅದ್ರಲ್ಲಿ ಬರುದಿಲ್ಲ. ಐಟಿಯವರು ಬರವಣಿಗೆಯಲ್ಲಿ ಆಯ್ತು ಅಂದ್ರೆ, ಎರಡು ಮಾನಿಟರ್ ಇಲ್ಲದೆ ಜೀವ ಹೋಗ್ತದೆ ಅಂದ್ರೆ, ಆಗ ಡಾಕ್ ತಗೋ, ನಾನು ಅಡ್ಡ ಬರುದಿಲ್ಲ.

ಒಂದ್ನಿಮಿಷ, ಕುಕ್ಕರ್ ನಾಲ್ಕನೇ ಸೀಟಿ ಹೊಡೀತು.

ಹಾಂ. ನನ್ನ ಲೆಕ್ಕದಲ್ಲಿ ನೀನು ಮಾಡ್ಬೇಕಾದ್ದು, ಲ್ಯಾಪ್‌ಟಾಪ್ ಪರದೆ ಒಂದು, ಮಾನಿಟರ್ ಒಂದು, ಒಟ್ಟು ಎರಡಾಯ್ತು. ಡೊಂಬಿವಲಿಯ ಆ ಒಂದೂವರೆ ಅಡಿ ಮೇಜಿಗೆ ಇನ್ನೆಷ್ಟು ಇಡ್ತಿ? ಅದಕ್ಕೆ ಒಂದೇ ಎಚ್‌ಡಿಎಮ್‌ಐ, ಎರಡು ಮೂರು ಹಳೇ ಯುಎಸ್‌ಬಿ ತೂತು, ಒಂದು ಲ್ಯಾನ್, ಅಂದ್ರೆ ಇಂಟರ್ನೆಟ್ ವಯರಿನ ತೂತು, ಇರುವ ಸಾದಾ ಹಬ್ ಸಾಕು. ತಗೊಳ್ಳುವಾಗ ಎಚ್‌ಡಿಎಮ್‌ಐ ಪಕ್ಕ ಸಣ್ಣ ಅಕ್ಷರದಲ್ಲಿ 4ಕೆ 30 ಹರ್ಟ್ಸ್ ಅಂತ ಉಂಟಾ 60 ಅಂತ ಉಂಟಾ ನೋಡು. 4ಕೆ ಅಂದ್ರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇರುವ ಚಿತ್ರ, ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗ್ತದೆ ಅಂತ. ಸಿ ಪೋರ್ಟಿನೊಳಗೆ ನಮ್ಮ ಮುಂಬೈಯ ಸೆಂಟ್ರಲ್ ಲೈನ್ ರೈಲಿನ ಹಾಗೆ ನಾಲ್ಕು ಟ್ರ್ಯಾಕ್ ಅಂತ ತಿಳ್ಕೋ, ಹಬ್ ಹಾಕಿದ್ರೆ ಎರಡು ಟ್ರ್ಯಾಕ್ ಚಿತ್ರಕ್ಕೆ ಹೋಗ್ತದೆ, ಇನ್ನೆರಡು ಪೆನ್‌ಡ್ರೈವ್ ಲ್ಯಾನ್ ಇತ್ಯಾದಿಗೆ. ಚಿತ್ರ ಕಳಿಸುವ ಪದ್ಧತಿಗೆ ಡಿಸ್‌ಪ್ಲೇಪೋರ್ಟ್ ಅಂತ ಹೆಸರು, ಅದರ ಹಳೇ 1.2 ಲೆಕ್ಕದಲ್ಲಿ ಎರಡು ಟ್ರ್ಯಾಕಿನಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲವೇ ಹಿಡಿಸುದು, 1.4 ಆದ್ರೆ 60 ಹಿಡಿಸ್ತದೆ. ನಿನ್ನ ಮ್ಯಾಕಿಗೆ 1.4 ಬರ್ತದೆ, ಹಬ್ ಹಳೇದಾದ್ರೆ ಅದೇ ಅಡ್ಡಗಾಲು. 30ರಲ್ಲಿ ಮೌಸ್ ಬಾಣ ಮಳೆಗಾಲದಲ್ಲಿ ಕುರ್ಲಾ ದಾಟುವ ಲೋಕಲ್ ಹಾಗೆ ಎಳ್ಕೊಂಡು ಎಳ್ಕೊಂಡು ಹೋಗ್ತದೆ, ಇಡೀ ದಿನ ಅದನ್ನು ನೋಡಿದ್ರೆ ತಲೆನೋವು. ಆದ್ರೆ ನಿನ್ನ ಹತ್ರ ಇರುವ ಮಾನಿಟರ್ ಬರೀ ಫುಲ್ ಎಚ್‌ಡಿ ಆದ್ರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಯಾವ ಹಬ್ಬೂ ನಡೀತದೆ.

ಚಾರ್ಜರ್ ಹಬ್ಬಿಗೆ ಹಾಕ್ಬೇಡ. ನಿನ್ನ ಏರಿಗೆ ಮ್ಯಾಗ್‌ಸೇಫ್ ಬೇರೆಯೇ ಉಂಟಲ್ಲ, ಅಯಸ್ಕಾಂತದ್ದು, ಅದಕ್ಕೇ ಹಾಕು. ಯಾಕೆ ಅಂದ್ರೆ ಹಬ್ ತನ್ನ ಪಾಲಿಗೆ 10-15 ವಾಟ್ ಇಟ್ಕೊಳ್ತದೆ, ನಿನ್ನ ಪೆಟ್ಟಿಗೆಯಲ್ಲಿ ಬಂದ 30 ವಾಟಿನ ಚಾರ್ಜರಿನಿಂದ ಅಷ್ಟು ಹೋದ್ರೆ ಲ್ಯಾಪ್‌ಟಾಪಿಗೆ ಎಂತ ಉಳೀತದೆ? ಇನ್ನೊಂದು, ಹಬ್ಬಿನಲ್ಲಿ ಹಾಕಿದ ಚಾರ್ಜರ್ ತೆಗೆದ್ರೆ ಇಲ್ಲ ಕರೆಂಟ್ ಹೋದ್ರೆ ಹಬ್ ಒಂದು ಸಲ ಕಣ್ಣು ಮುಚ್ಚಿ ತೆರೀತದೆ, ಆ ಕ್ಷಣದಲ್ಲಿ ಹಾರ್ಡ್ ಡಿಸ್ಕ್ ಕಳಚಿ ಹೋಗ್ತದೆ, ಮಾನಿಟರ್ ಕಪ್ಪಾಗ್ತದೆ. ಹೋದ ಜುಲೈಯಲ್ಲಿ ಮಳೆಗೆ ನಮ್ಮ ಮುಲುಂಡಿನಲ್ಲಿ ಕರೆಂಟ್ ಮೂರು ಸಲ ಹೋಯ್ತು, ಮೂರು ಸಲವೂ ನನ್ನ ಬ್ಯಾಕಪ್ ಅರ್ಧಕ್ಕೆ ನಿಂತಿತು, ಅಷ್ಟರವರೆಗೆ ನಾನು ಡಿಸ್ಕಿಗೆ ಬೈತಾ ಇದ್ದೆ.

ಮತ್ತೆ ನಿನ್ನ ಆ ವಯರ್‌ಲೆಸ್ ಮೌಸಿನ ಸಣ್ಣ ರಿಸೀವರ್ ಹಬ್ಬಿನಲ್ಲಿ ಹಾರ್ಡ್ ಡಿಸ್ಕಿನ ಪಕ್ಕದ ತೂತಿಗೆ ಹಾಕ್ಬೇಡ. ವೇಗದ ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸಿನಲ್ಲಿ ಗಲಾಟೆ ಎಬ್ಬಿಸ್ತದೆ, ಇಂಟೆಲ್‌ನವರೇ 2012ರಲ್ಲಿ ಕಾಗದದ ಮೇಲೆ ಒಪ್ಪಿಕೊಂಡ ವಿಷಯ ಅದು, ಮೌಸ್ ಓಡುವುದೂ ಅದೇ 2.4ರಲ್ಲಿ. ಬಾಣ ಹಾರಿ ಹಾರಿ ಹೋಗ್ತದೆ. ನಾನು ಮೌಸ್ ಸತ್ತಿತು ಅಂತ ಹೊಸದು ತಂದೆ, ಅದೂ ಹಾಗೇ ಮಾಡಿತು. ಬ್ಲೂಟೂತ್ ಮೌಸ್ ಆದ್ರೂ ಅದೇ 2.4, ಆದ್ರೆ ಲ್ಯಾಪ್‌ಟಾಪ್ ಹಬ್ಬಿನಿಂದ ಸ್ವಲ್ಪ ದೂರ ಇರ್ತದಲ್ಲ, ನನಗೆ ಅದ್ರಲ್ಲಿ ತೊಂದ್ರೆ ಬರ್ಲಿಲ್ಲ. ರಿಸೀವರೇ ಬೇಕಾದ್ರೆ ಒಂದು ಮಾರು ಎಕ್ಸ್‌ಟೆನ್ಷನ್ ವಯರ್ ಹಾಕಿ ದೂರ ಇಡು.

ಲ್ಯಾನಿಗೆ ಗಿಗಾಬಿಟ್, ಅಂದ್ರೆ 1000 ಎಮ್‌ಬಿಪಿಎಸ್, ಅಂತ ಇರ್ಲಿ, ಅಗ್ಗದ್ದರಲ್ಲಿ 100 ಎಮ್‌ಬಿಪಿಎಸ್ಸಿನದ್ದು ಹಾಕಿರ್ತಾರೆ.

ಅತ್ತಿಗೆ, ನೀವು ಮಧ್ಯದಲ್ಲಿ "ನನಗೂ ಅದೇ ಲಿಂಕ್ ಕಳಿಸು" ಅಂದ್ರಿ, ನಿಮಗೆ ಬೇಡ! ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿನ ಸಿ ಪೋರ್ಟ್ ಬರೀ ಡೇಟಾಕ್ಕೆ ಇದ್ದದ್ದಾದ್ರೆ ಯಾವ ಹಬ್ ಹಾಕಿದ್ರೂ ಅದ್ರಿಂದ ಮಾನಿಟರಿಗೆ ಚಿತ್ರ ಬರುದಿಲ್ಲ. ಪೋರ್ಟ್ ಪಕ್ಕ ಮಿಂಚಿನ ಗುರುತು ಇದ್ರೆ ಥಂಡರ್‌ಬೋಲ್ಟ್ ಅಂತ ವೇಗದ ಪೋರ್ಟು, ಅದ್ರಲ್ಲಿ ಚಿತ್ರ ಬರ್ತದೆ, ಡಿ ಪಿ ಅಕ್ಷರ ಸೇರಿದ ಹಾಗಿನ ಗುರುತು ಇದ್ರೂ ಚಿತ್ರ ಬರ್ತದೆ, ಎಂತದೂ ಇಲ್ಲದಿದ್ರೆ ಮಾಡೆಲ್ ನಂಬರ್ ನನಗೆ ಕಳಿಸಿ, ನಾನು ನೋಡಿ ಹೇಳ್ತೇನೆ. ಮತ್ತೆ ಫೋನ್ ಚಾರ್ಜರಿನ ವಯರ್ ತಂದು ಮಾನಿಟರಿಗೆ ಸಿಕ್ಕಿಸ್ಬೇಡಿ, ಹೊರಗಿನಿಂದ ಎರಡೂ ಒಂದೇ ಥರ ಕಾಣ್ತದೆ, ಒಳಗೆ ಹೆಚ್ಚಿನವು ಹಳೇ ನಿಧಾನದ ಯುಎಸ್‌ಬಿ 2ರದ್ದು, ಚಾರ್ಜ್ ಆಗ್ತದೆ ಚಿತ್ರ ಬರುದಿಲ್ಲ.

ತಮ್ಮಾ, ಇನ್ನೊಂದು ದಾರಿ ಉಂಟು. ಆ ಎರಡನೇ ಮಾನಿಟರಿಗೆ ಅಂತ ಇಟ್ಟ ದುಡ್ಡು ಇನ್ನೂ ಖರ್ಚಾಗದಿದ್ರೆ, ಈಗ ಇರುವುದನ್ನು ಚಿಕ್ಕಪ್ಪನಿಗೆ ಕೊಟ್ಟು, ಸಿ ಪೋರ್ಟ್ ಇರುವ ಒಂದು ದೊಡ್ಡ ಮಾನಿಟರೇ ತಗೊಳ್ಬಹುದು. ಒಂದೇ ವಯರಿನಲ್ಲಿ ಚಿತ್ರ, ಚಾರ್ಜು, ಮಾನಿಟರಿನ ಹಿಂದೆಯೇ ಯುಎಸ್‌ಬಿ ತೂತು, ಹಬ್ಬಿನ ರಗಳೆಯೇ ಇಲ್ಲ. 65 ವಾಟ್ ಕೊಡುವಂಥದ್ದಾದ್ರೆ ನಿನ್ನ ಏರಿಗೆ ಧಾರಾಳ. ಚಿಕ್ಕಪ್ಪ ಎರಡು ವರ್ಷದಿಂದ ಟಿವಿಯಲ್ಲಿ ಯಕ್ಷಗಾನ ನೋಡ್ಲಿಕ್ಕೆ ಮನೆಯವರು ಬಿಡುದಿಲ್ಲ ಅಂತ ಹೇಳ್ತಾ ಇದ್ದಾರೆ, ಅವರಿಗೂ ಒಂದು ಪರದೆ ಆಯ್ತು.

ಏನೇ ಆಗ್ಲಿ ಆನ್‌ಲೈನಿನಲ್ಲಿ ಇವತ್ತೇ ಒತ್ತಬೇಡ. ಈ ಶನಿವಾರ ನನಗೆ ರಜೆ, ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುವ, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಬಂದ್. ದಾದರಿನಲ್ಲಿ ಬ್ರಿಜ್ಜಿನ ಮೇಲೆ ಸಿಗು, ಅಲ್ಲಿಂದ ಗ್ರಾಂಟ್ ರೋಡಿಗೆ ಸ್ಲೋ ಲೋಕಲ್ ಹಿಡಿಯುವ. ಲ್ಯಾಪ್‌ಟಾಪ್ ತಾ, ಅಂಗಡಿಯಲ್ಲೇ ಅವರ ಮಾನಿಟರಿಗೆ ಸಿಕ್ಕಿಸಿ 60 ಬರ್ತದಾ ಅಂತ ಸೆಟ್ಟಿಂಗಿನಲ್ಲಿ ನೋಡಿಯೇ ದುಡ್ಡು ಕೊಡುವ. ಅಷ್ಟರೊಳಗೆ ಇವತ್ತು ರಾತ್ರಿ ನಿನ್ನ ಮಾನಿಟರಿನ ಹಿಂದಿನ ಸ್ಟಿಕ್ಕರಿನ ಫೋಟೋ ಒಂದು ಹಾಕು, ಮಾಡೆಲ್ ನಂಬರ್ ಕಾಣುವ ಹಾಗೆ, ಹೋದ ಸಲದ ಹಾಗೆ ಅಲ್ಲಾಡಿಸಿ ತೆಗೀಬೇಡ.