ಪಕ್ಕದ ಜಾಗದ ಮರ ನಮ್ಮ ಮಾಡಿನ ಮೇಲೆ ವಾಲಿದೆ, ದಾರಿ ಏನು?

ಪ್ರಶ್ನೆ: ಪುತ್ತೂರು ತಾಲೂಕಿನ ಹಳ್ಳಿ. ಪಕ್ಕದ ಜಾಗದ ತೆಂಗಿನಮರ ನಮ್ಮ ಅಡುಗೆಮನೆಯ ಹಂಚಿನ ಮಾಡಿನ ಮೇಲೆ ವಾಲಿದೆ. ಅದರಾಚೆ ಒಂದು ಮತ್ತಿ ಮರ, ಬುಡದಲ್ಲಿ ಪೊಟರೆ. ಆ ಜಾಗದವರಿಗೆ ಹೇಳಿದರೆ "ಬಿದ್ದಾಗ ನೋಡುವ" ಅನ್ನುತ್ತಾರೆ. ಮಳೆಗಾಲದೊಳಗೆ ಏನು ಮಾಡಬಹುದು? ಗೊತ್ತಿರುವವರು ತಿಳಿಸಿ.

ವಕೀಲರು: ಅಕ್ಕ, ಬಾಯಿಮಾತು ಸಾಕು, ಇನ್ನು ಕಾಗದ ಮಾಡಿ. ಮರ ಬಿದ್ದ ಮೇಲೆ ಪರಿಹಾರ ಕೇಳಿದರೆ ಎದುರಿನವರ ಮೊದಲ ಮಾತು "ಗಾಳಿಗೆ ಬಿತ್ತು, ದೈವಾಧೀನ". ಅಪಾಯವಿದೆ ಎಂದು ಮೊದಲೇ ಲಿಖಿತವಾಗಿ ಗೊತ್ತಿದ್ದೂ ಸುಮ್ಮನಿದ್ದರು ಅಂತ ತೋರಿಸಿದರೆ ಆ ಮಾತಿಗೆ ಬಲ ಉಳಿಯುವುದಿಲ್ಲ. ನೋಟಿಸಿನಲ್ಲಿ ಸರ್ವೆ ನಂಬರ್, ಯಾವ ಮರ, ಮನೆಯಿಂದ ಎಷ್ಟು ಅಡಿ, ಏನು ದೋಷ, ಎಷ್ಟು ದಿನದೊಳಗೆ ಏನಾಗಬೇಕು ಎಲ್ಲ ಬರೆದು ಫೋಟೋ ಲಗತ್ತಿಸಿ. 15 ದಿನ ಕೊಟ್ಟರೆ ನ್ಯಾಯ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಪುತ್ತೂರಿನ ಸಹಾಯಕ ಆಯುಕ್ತರಿಗೆ ಅರ್ಜಿ. ಅವರೇ ಉಪವಿಭಾಗ ದಂಡಾಧಿಕಾರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 133) ಪ್ರಕಾರ, ಬಿದ್ದು ನೆರೆಯವರಿಗೋ ದಾರಿಹೋಕರಿಗೋ ಗಾಯವಾಗುವಂತಿರುವ ಮರವನ್ನು ತೆಗೆಯಲು ಅಥವಾ ಅದಕ್ಕೆ ಆಧಾರ ಕೊಡಲು ಷರತ್ತಿನ ಆದೇಶ ಮಾಡುವ ಅಧಿಕಾರ ಅವರಿಗಿದೆ. ಮಾಲೀಕರು ಹಾಜರಾಗಿ ಆಕ್ಷೇಪ ಹೇಳಬಹುದು. ಆದೇಶ ಖಾಯಂ ಆದ ಮೇಲೂ ಪಾಲಿಸದಿದ್ದರೆ ದಂಡಾಧಿಕಾರಿಯೇ ಕೆಲಸ ಮಾಡಿಸಿ ಖರ್ಚನ್ನು ಅವರಿಂದ ವಸೂಲು ಮಾಡಬಹುದು. ಅರ್ಜಿಯಲ್ಲಿ "ಎಲೆ ಬೀಳುತ್ತದೆ, ನೆರಳು ಬರುತ್ತದೆ" ಅಂತ ಸೇರಿಸಬೇಡಿ. ಈ ಕಲಂ ಇರುವುದು ಜೀವಾಪಾಯಕ್ಕೆ. ಸಣ್ಣ ದೂರು ಸೇರಿದರೆ ಇಡೀ ಅರ್ಜಿ ನೆರೆಹೊರೆಯ ಜಗಳದಂತೆ ಕಾಣುತ್ತದೆ.

ಮರ ಕಡಿಸುವ ಗುತ್ತಿಗೆದಾರರು: ವಾಲಿದ ತೆಂಗೆಲ್ಲ ಬೀಳುವ ತೆಂಗಲ್ಲ. ಬೆಳಕಿಗೆ ಬಾಗಿ ಬೆಳೆದದ್ದಾದರೆ ಕಾಂಡ ಬಿಲ್ಲಿನಂತೆ ಬಳುಕಿ ತುದಿ ಮತ್ತೆ ನೆಟ್ಟಗಾಗಿರುತ್ತದೆ. ಬುಡದಿಂದ ತುದಿವರೆಗೆ ಒಂದೇ ನೇರದಲ್ಲಿ ವಾಲಿದ್ದರೆ ಬೇರು ಸಡಿಲವಾಗಿದೆ ಅಂತ ಅನುಮಾನ ಪಡಬೇಕು. ವಾಲಿದ ದಿಕ್ಕಿನ ಹಿಂಬದಿಗೆ ಹೋಗಿ ಬುಡದ ಮಣ್ಣು ನೋಡಿ. ಅರ್ಧಚಂದ್ರದ ಹಾಗೆ ಬಿರುಕು ಬಿಟ್ಟಿದ್ದರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದಿಡಿ (ಜಾಗ ಅವರದ್ದು, ಕೇಳಿಯೇ ಹೋಗಿ). ಜೋರು ಗಾಳಿ ಬಂದ ಮರುದಿನ ಅಂತರ ಹೆಚ್ಚಿದ್ದರೆ ಟೇಪು ಕಾಣುವಂತೆ ಫೋಟೋ. ಕಚೇರಿಯಲ್ಲಿ ಹತ್ತು ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಬುಡದಲ್ಲಿ ಕಂದು ರಸ ಸೋರುವುದು, ಅಣಬೆ ಏಳುವುದು, ಕಾಂಡದ ತೂತಿನಿಂದ ನಾರು ಹೊರಬರುವುದು (ಕೆಂಪು ಮೂತಿ ಹುಳ), ಇವನ್ನೂ ದಾಖಲಿಸಿ.

ಬೇರು ಗಟ್ಟಿ ಇದ್ದರೆ ಕಡಿಯಬೇಕೆಂದಿಲ್ಲ. ಮರದ ಮೂರರಲ್ಲಿ ಎರಡು ಭಾಗದ ಎತ್ತರಕ್ಕೆ ಹಳೆ ಟಯರಿನ ತುಂಡು ಸುತ್ತಿ, ಅದರ ಮೇಲೆ ಸ್ಟೀಲ್ ರೋಪ್ ಹಾಕಿ, ವಾಲಿದ ದಿಕ್ಕಿನ ಹಿಂಬದಿಯ ಗಟ್ಟಿ ಮರಕ್ಕೆ ಬಿಗಿದರೆ ಸಾಕು. ಬರೀ ತಂತಿ ಸುತ್ತಿದರೆ ಕಾಂಡ ಕೊರೆದು ಅಲ್ಲೇ ಮುರಿಯುತ್ತದೆ. ಮರ ಉಳಿಯುತ್ತದೆ ಅಂದಾಗ ಎಷ್ಟೋ ನೆರೆಯವರು ಒಪ್ಪುತ್ತಾರೆ. ಆದೇಶದಲ್ಲೂ "ಆಧಾರ" ಅನ್ನುವ ಮಾತು ಇದೆಯಲ್ಲ, ಅದನ್ನೇ ಮೊದಲು ಕೇಳಿ ನೋಡಿ.

ನಿವೃತ್ತ ಅರಣ್ಯ ಸಿಬ್ಬಂದಿ: ಎರಡೂ ಮರಕ್ಕೆ ಒಂದೇ ನಿಯಮ ಅಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ತೆಂಗಿಗೆ ವಿನಾಯಿತಿ ಇದೆ, ಮತ್ತಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರದ ಮಾಲೀಕರು ಪಹಣಿ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಲಿ. ಜೀವಕ್ಕೆ, ಆಸ್ತಿಗೆ ಅಪಾಯ ಎನ್ನುವುದು ಅನುಮತಿಗೆ ಕಾಯ್ದೆಯೇ ಒಪ್ಪಿದ ಕಾರಣ. ನೆರೆಯವರ ಹಿಂಜರಿಕೆಗೆ ಹಲವು ಸಲ ಈ ಕಚೇರಿ ಅಲೆದಾಟವೇ ಕಾರಣ. ಅರ್ಜಿ ನೀವೇ ತುಂಬಿ ಅವರ ಸಹಿ ಮಾತ್ರ ಕೇಳಿದರೆ ಅರ್ಧ ಜಗಳ ಕರಗುತ್ತದೆ. ಬುಡಕ್ಕೆ ಆಸಿಡ್ ಸುರಿಯುವ, ತೊಗಟೆ ಸುಲಿಯುವ ಸಲಹೆ ಕೊಡುವವರು ಇರುತ್ತಾರೆ. ದಯವಿಟ್ಟು ಕೇಳಬೇಡಿ. ಅದು ಅಪರಾಧ, ಜೊತೆಗೆ ನಿಂತಲ್ಲೇ ಒಣಗಿದ ಮರ ಹಸಿ ಮರಕ್ಕಿಂತ ಅಪಾಯ.

ಭೂಮಾಪಕರು: ಬೇಲಿಯೇ ಗಡಿ ಅಂದುಕೊಳ್ಳಬೇಡಿ. ಅನುಮಾನವಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದು) ಅರ್ಜಿ ಹಾಕಿ. ಬುಡ ಗಡಿಗೆರೆಯ ಮೇಲೇ ಬಂದರೆ ಮರ ಇಬ್ಬರದ್ದೂ, ಒಬ್ಬರೇ ಕಡಿಯುವ ಹಾಗಿಲ್ಲ.

ಮತ್ತೆ ವಕೀಲರು: ನಿಮ್ಮ ಜಾಗಕ್ಕೆ ಚಾಚಿದ ಭಾಗವನ್ನು ಗಡಿಯವರೆಗೆ, ನಿಮ್ಮ ಕಡೆಯಿಂದಲೇ ನಿಂತು ಸವರಬಹುದು. ಮತ್ತಿಯ ಕೊಂಬೆಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಕೈಹಾಕಿ. ಕಾಯಿ, ಸೌದೆ ಮರದವರದ್ದು, ವಾಪಸ್ ಕೊಡಿ. ಸಿವಿಲ್ ದಾವೆಯಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಯ 39ನೇ ಕಲಮಿನಡಿ ಕಡ್ಡಾಯ ನಿರ್ಬಂಧಕಾಜ್ಞೆ (ಇಂಥದ್ದನ್ನು ಮಾಡಲೇಬೇಕು ಎಂಬ ಕೋರ್ಟಿನ ಆದೇಶ) ಕೇಳಬಹುದು, ಆದರೆ ಮಳೆ ಅದಕ್ಕಾಗಿ ಕಾಯುವುದಿಲ್ಲ. ಅದಕ್ಕಿಂತ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಕೂರಿಸಿ. ಶುಲ್ಕವಿಲ್ಲ, ಸಹಾಯವಾಣಿ 15100. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ. ಹಾಗಾಗಿ ರಾಜಿಯಲ್ಲಿ "ಮರ ತೆಗೆಯುತ್ತೇವೆ" ಅಂತ ಒಂದೇ ಸಾಲು ಬರೆಸಬೇಡಿ. ಯಾವ ತಾರೀಕಿನೊಳಗೆ, ಕೂಲಿ ಯಾರದ್ದು, ಮರಮುಟ್ಟು ಯಾರಿಗೆ, ಹಂಚು ಒಡೆದರೆ ಯಾರು ಹಾಕಿಸಬೇಕು, ಎಲ್ಲ ಇರಲಿ. ಹತ್ತಿರ ಕರೆಂಟ್ ಲೈನ್ ಇದ್ದರೆ ಮೆಸ್ಕಾಂಗೆ (1912) ಹೇಳಿ ಲೈನ್ ಆಫ್ ಮಾಡಿಸುವ ಹೊಣೆ ಯಾರದ್ದೆಂಬುದನ್ನೂ ಬರೆಸಿ.