ಸಹಾಯ ಬೇಕು: ದವಡೆ ಕೀಲಿನ ನೋವಿಗೆ ನೈಟ್ ಗಾರ್ಡ್ ಸಾಕಾ, ಹಲ್ಲು ತೇಯಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಜಯನಗರದಲ್ಲಿ. ಕೆಲವು ತಿಂಗಳಿಂದ ಬಲಗಿವಿಯ ಮುಂದೆ, ದವಡೆ ಕೂಡುವ ಜಾಗದಲ್ಲಿ ನೋವು. ಬಾಯಿ ತೆರೆದರೆ ಟಕ್ ಅಂತ ಸದ್ದು. ಬೆಳಗ್ಗೆ ಎದ್ದಾಗ ಜಾಸ್ತಿ, ಕಣತಲೆಯೂ ಹಿಡಿದುಕೊಂಡಿರುತ್ತದೆ. ಚಕ್ಕುಲಿ, ಕೋಡುಬಳೆ ಬಿಟ್ಟಾಯ್ತು. ಈಗ ದೋಸೆಯ ಗರಿಗರಿ ಅಂಚಿಗೂ ಹೆದರಿಕೆ!

ಇಎನ್‌ಟಿ ಡಾಕ್ಟರ್ ನೋಡಿ ಕಿವಿ ಚೆನ್ನಾಗಿದೆ, ಇದು ಟಿಎಂಜೆ, ಅಂದರೆ ದವಡೆ ಕೀಲಿನ ತೊಂದರೆ ಅಂದರು. ಬಿಸಿ ಶಾಖ, ಮೆತ್ತನೆ ಊಟ, ನೋವಿನ ಮಾತ್ರೆ ಎಲ್ಲಾ ಆಯ್ತು. ಸ್ವಲ್ಪ ಆರಾಮ, ಪೂರ್ತಿ ಅಲ್ಲ. ಬಾಯಿ ಮೂರು ಬೆರಳಷ್ಟು ತೆರೆಯುತ್ತದೆ, ಲಾಕ್ ಆಗಿಲ್ಲ.

ಗೊಂದಲ ಇಲ್ಲೇ. ಒಬ್ಬ ದಂತವೈದ್ಯರು, ನೀವು ರಾತ್ರಿ ಹಲ್ಲು ಕಡಿಯುತ್ತೀರಿ, ಅಳತೆ ಕೊಟ್ಟು ನೈಟ್ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಮಾಡಿಸಿಕೊಳ್ಳಿ ಸಾಕು ಅಂತಾರೆ. ಇನ್ನೊಬ್ಬರು, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಕೆಲವನ್ನು ತೇದು ಆಮೇಲೆ ಕ್ಲಿಪ್ ಹಾಕೋಣ ಅಂತಾರೆ. ಗಾರ್ಡ್ ಒಗ್ಗದಿದ್ದರೆ ತೆಗೆದಿಡಬಹುದು. ತೇದ ಹಲ್ಲು ವಾಪಸ್ ಬರಲ್ಲ ಅಲ್ವಾ? ಅಮೆರಿಕದ ಸರ್ಕಾರಿ ದಂತ ಸಂಶೋಧನಾ ಸಂಸ್ಥೆ ಎನ್‌ಐಡಿಸಿಆರ್ ಕೂಡ, ಈ ನೋವಿಗೆ ಹಲ್ಲಿನ ಹೊಂದಾಣಿಕೆಯನ್ನೇ ಶಾಶ್ವತವಾಗಿ ಬದಲಿಸುವ ಚಿಕಿತ್ಸೆ ಬೇಡ ಎನ್ನುತ್ತದೆ. ಹಾಗಾಗಿ ಮನಸ್ಸು ಗಾರ್ಡ್ ಕಡೆಗೇ ಇದೆ.

ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ ಒಮ್ಮೆ ತೋರಿಸೋಣ ಅಂತಿದ್ದೇನೆ. ಇದಕ್ಕೆ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಬೇಕಾ, ಸರ್ಜರಿ ವಿಭಾಗಕ್ಕಾ? ಗಾರ್ಡ್ ಹಾಕಿಕೊಂಡವರು ಯಾರಾದರೂ ಇದ್ದರೆ, ನಿಮ್ಮದು ಗಟ್ಟಿಯದಾ ಮೆತ್ತನೆಯದಾ, ನೋವು ಇಳಿಯಲು ಎಷ್ಟು ದಿನ ಹಿಡಿಯಿತು, ದಯವಿಟ್ಟು ಹೇಳಿ.